ಬಿರುಕಿನ ಚಿತ್ರ ಬರೆಯುವ ಎಐ

ಪೊಳಲಿಯ ಮಗ್ಗುಲಲ್ಲೇ ಹರಿಯುವ ಫಲ್ಗುಣಿ ಮತ್ತು ನೇತ್ರಾವತಿ ದಡಗಳ ಆವೆಮಣ್ಣು ಮಂಗಳೂರು ಹಂಚಾಗಿ ದೇಶವಿದೇಶ ಸೇರಿತು. 1865ರಲ್ಲಿ ಬಾಸೆಲ್ ಮಿಶನ್‌ನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಆ ಕಾಲದ ಹೊಸ ತಂತ್ರಜ್ಞಾನ. ಸುಟ್ಟ ಹಂಚನ್ನು ತಟ್ಟಿ ನೋಡಿ: ಟಣ್ ಎಂದರೆ ಗಟ್ಟಿ, ಸದ್ದು ಮಂಕಾದರೆ ಬಿರುಕು.

ಇಂಥ ಪರೀಕ್ಷೆಯನ್ನು ಈಗ ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಮೆರಾ ಮಾಡುತ್ತದೆ. ಅದಕ್ಕೆ ದೋಷ ಗುರುತಿಸಲು ಕಲಿಸಬೇಕಾದರೆ ದೋಷವಿರುವ ವಸ್ತುಗಳ ಚಿತ್ರಗಳು ರಾಶಿ ರಾಶಿ ಬೇಕು. ಆದರೆ ಒಳ್ಳೆಯ ಕಾರ್ಖಾನೆಯಲ್ಲಿ ಕೆಟ್ಟ ಮಾಲು ಸಿಗುವುದೇ ಅಪರೂಪ! ಬೆಂಗಳೂರಿನ ಹಳಬರು ಇಂದಿಗೂ ‘ಮೈಕೋ’ ಎನ್ನುವ ಬಾಷ್ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಜರ್ಮನಿಯ ತನ್ನ ಎರಡು ಕಾರ್ಖಾನೆಗಳಲ್ಲಿ ಜನರೇಟಿವ್ ಎಐಯಿಂದ ಕೃತಕ ಚಿತ್ರಗಳನ್ನು ರಚಿಸಿ ಕ್ಯಾಮೆರಾ ವ್ಯವಸ್ಥೆಗೆ ತರಬೇತಿ ಕೊಡುವ ಪ್ರಯೋಗವನ್ನು 2023ರಲ್ಲಿ ಪ್ರಕಟಿಸಿತು. ಆರರಿಂದ ಹನ್ನೆರಡು ತಿಂಗಳು ಹಿಡಿಯುತ್ತಿದ್ದ ಸಿದ್ಧತೆ ಕೆಲವೇ ವಾರಕ್ಕೆ ಇಳಿಯಬಹುದೆಂಬುದು ಕಂಪನಿಯ ನಿರೀಕ್ಷೆ.

ಹಾಗಾದರೆ ತಟ್ಟಿ ನೋಡುವವರ ಕೆಲಸದ ಗತಿ? ಬರೀ ತಟ್ಟುವ ಕೆಲಸ ಕಡಿಮೆಯಾದೀತು. ಅದನ್ನು ವಿದ್ಯಾರ್ಥಿಗಳಿಂದ ಮುಚ್ಚಿಡುವುದು ಸರಿಯಲ್ಲ. ಆದರೆ ಎಐ ಬರೆದ ಬಿರುಕು ನಿಜವಾದ ಬಿರುಕಿನಂತಿದೆಯೇ ಎಂದು ಹೇಳಲು ಮಣ್ಣು, ಬೆಂಕಿ, ಲೋಹ ಬಲ್ಲವರೇ ಬೇಕು. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ರಜೆಯಲ್ಲಿ ಒಮ್ಮೆ ಹಂಚಿನ ಕಾರ್ಖಾನೆಗೆ ಹೋಗಿ, ಅಲ್ಲಿನ ಹಿರಿಯ ಕೆಲಸಗಾರರ ಬಳಿ ನಿಂತು ಆ ಸದ್ದು ಕೇಳಿ ಬನ್ನಿ.