ಎಫ್‌ಡಿ ಉಳಿಸಿದ ಎರಡನೇ ಸಹಿ

ವಯಸ್ಸಾದವರ ದುಡ್ಡಿಗೆ ಕಣ್ಣು ಹಾಕಿದವರು ಮೊದಲ ದಿನವೇ ದುಡ್ಡಿನ ಮಾತೆತ್ತುವುದಿಲ್ಲ. ಸಿಲಿಂಡರ್ ಬುಕ್ ಮಾಡಿಕೊಡುತ್ತಾರೆ, ಕರೆಂಟ್ ಬಿಲ್ ಕಟ್ಟಿ ಬರುತ್ತಾರೆ, ಮಾತ್ರೆ ತಂದು ಚಿಲ್ಲರೆಯನ್ನು ಲೆಕ್ಕ ತಪ್ಪದೆ ಕೈಗಿಡುತ್ತಾರೆ. ಮೈಸೂರಿನಲ್ಲಿ ಒಬ್ಬರೇ ಇರುವ ನನ್ನ ದೊಡ್ಡಮ್ಮನಿಗೆ ಪಾರ್ಕಿನಲ್ಲಿ ಪರಿಚಯವಾದ ಹುಡುಗನೂ ಹೀಗೇ ಹತ್ತಿರವಾದ. ಬಾಯಿ ತುಂಬ ‘ಅಮ್ಮ’ ಎನ್ನುತ್ತಿದ್ದ. ಹೆತ್ತ ಮಗಳು ಇರುವುದು ಪುಣೆಯಲ್ಲಿ.

ಒಮ್ಮೆ ಅವರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ನಾನು ಹೋದೆ. ಪುಟದ ತುಂಬ ಒಂದೇ ಥರದ ಸಾಲು: ಎಟಿಎಂ, 10,000, ಎಟಿಎಂ, 10,000. ಪೆನ್ಷನ್ ಬಿದ್ದ ಮರುದಿನ ಎರಡೆರಡು ಸಲ. ಬ್ಯಾಂಕಿನಿಂದ ದೊಡ್ಡಮ್ಮನಿಗೆ ಒಂದು ಮೆಸೇಜೂ ಬಂದಿರಲಿಲ್ಲ. “ಸಣ್ಣಕ್ಷರ ಓದೋಕೆ ನಿಮಗೆ ಕಷ್ಟ ಅಮ್ಮ, ನನ್ನ ನಂಬರ್ ಕೊಟ್ಟಿರೋಣ” ಎಂದು ಫಾರಂ ತುಂಬಿಸಿ, ಖಾತೆಗೆ ತನ್ನ ಮೊಬೈಲ್ ನಂಬರನ್ನೇ ಸೇರಿಸಿಬಿಟ್ಟಿದ್ದ. ಕಾರ್ಡು, ಪಿನ್ನು, ಒಟಿಪಿ ಮೂರೂ ಒಬ್ಬನ ಪಾಲಾಗಿದ್ದವು.

ಉಳಿದದ್ದು ದೊಡ್ಡಪ್ಪನ ನಿವೃತ್ತಿ ಹಣದ ಎಫ್‌ಡಿ. ಅದನ್ನು ಮುರಿಸಲೂ ಕರೆದುಕೊಂಡು ಹೋಗಿದ್ದನಂತೆ. ಆದರೆ ಅದು ತಾಯಿ ಮಗಳ ಜಂಟಿ ಹೆಸರಿನಲ್ಲಿತ್ತು, ಇಬ್ಬರೂ ಸಹಿ ಹಾಕಬೇಕೆಂಬ ಷರತ್ತಿತ್ತು. ಕೌಂಟರಿನಲ್ಲಿ ಎರಡನೇ ಸಹಿ ಕೇಳಿದ್ದಕ್ಕೆ ಬರಿಗೈಲಿ ವಾಪಸಾದರು. “ಅಕ್ಕನಿಗೆ ಇದನ್ನೆಲ್ಲ ಹೇಳಬೇಡಿ, ಸುಮ್ನೆ ಗಾಬರಿಯಾಗ್ತಾರೆ” ಎಂದು ದಾರಿಯಲ್ಲಿ ಹೇಳಿದನಂತೆ. ಮನೆಯವರಿಂದ ಮುಚ್ಚಿಡಿ ಎಂದವರ ಕೈಗೆ ಮತ್ತೆ ಕಾರ್ಡು ಕೊಡಬಾರದು.

ಹಾಗೆಂದು ಯಾರನ್ನೂ ಮನೆಗೆ ಸೇರಿಸಬೇಡಿ ಎನ್ನಲಾದೀತೇ? ಒಂಟಿಯಾಗಿರುವವರಿಗೆ ಜನ ಬೇಕು. ಅವರಲ್ಲಿ ಯಾರೊಬ್ಬರ ಕೈಗೂ ದುಡ್ಡು ಪೂರ್ತಿಯಾಗಿ ಸಿಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ತಿಂಗಳ ಖರ್ಚಿಗೆ ಬೇರೆ ಖಾತೆಯಿರಲಿ. ಎಟಿಎಂ ಕಾರ್ಡು ಅದಕ್ಕೆ ಮಾತ್ರ ಸಾಕು, ದಿನದ ಮಿತಿಯನ್ನೂ ಇಳಿಸಿಡಬಹುದು. ದೊಡ್ಡ ಮೊತ್ತದ ಎಫ್‌ಡಿಗೆ ‘ಇಬ್ಬರಲ್ಲಿ ಯಾರಾದರೊಬ್ಬರು’ ಎಂಬುದಕ್ಕಿಂತ ‘ಇಬ್ಬರೂ ಸೇರಿ’ ಎಂಬ ಷರತ್ತು ಗಟ್ಟಿ. ಮಗಳು ದೂರದಲ್ಲಿದ್ದರೆ ತುರ್ತಿಗೆ ತೊಡಕಾಗುತ್ತದೆ. ಆದ್ದರಿಂದ ಆಸ್ಪತ್ರೆ ಖರ್ಚಿಗೆಂದು ಒಂದಿಷ್ಟನ್ನು ಈ ಷರತ್ತಿಲ್ಲದ ಖಾತೆಯಲ್ಲಿ ಇಡಬೇಕು. ಖಾತೆಗೆ ಯಾವ ನಂಬರ್ ಜೋಡಿಸಿದೆ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಮುಖ್ಯ ಸೇವೆಗಳನ್ನು ಕೊಡುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಪೆನ್ಷನ್ನಿನ ಜೀವನ ಪ್ರಮಾಣಪತ್ರವನ್ನು ಮೊಬೈಲಿಗೆ ಮುಖ ತೋರಿಸಿ ಸಲ್ಲಿಸಬಹುದು. ಇಂಥ ಓಡಾಟ ತಪ್ಪಿದಷ್ಟೂ ಮೂರನೆಯವರ ಹಂಗು ಕಡಿಮೆ.

ಮನೆಯ ವಿಷಯದಲ್ಲಿ ಇನ್ನೂ ಹುಷಾರು ಬೇಕು. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದರೆ ಮನೆ ಕೈಬಿಟ್ಟ ಹಾಗೆಯೇ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಮಾತು ತಪ್ಪಿದರೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ಆ ಷರತ್ತು ಬಾಯಿಮಾತಾಗದೆ ಪತ್ರದಲ್ಲೇ ಇರಲಿ.

ಆನ್‌ಲೈನಿನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಿರಿಯರ ಇತರ ತೊಂದರೆಗಳಿಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ದೊಡ್ಡಮ್ಮನ ಕಾರ್ಡು ಬ್ಲಾಕ್ ಮಾಡಿಸಿ ನಂಬರ್ ಬದಲಿಸಿದ್ದಾಯಿತು. ಪೊಲೀಸರಿಗೆ ದೂರು ಕೊಡಲು ಮಾತ್ರ ಅವರು ಸುಲಭಕ್ಕೆ ಒಪ್ಪಲಿಲ್ಲ. “ಅವನೂ ಬರದೇ ಹೋದ್ರೆ ನನ್ನ ಮಾತಾಡಿಸೋರು ಯಾರಪ್ಪ?” ಎಂದರು. ಮಗಳು ರೇಗಿದಳು. ರೇಗಿದರೆ ಇನ್ನೊಮ್ಮೆ ಹೀಗಾದಾಗ ಮುಚ್ಚಿಡುತ್ತಾರೆ ಎಂದು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಈಗ ದಿನಾ ರಾತ್ರಿ ಫೋನ್ ಮಾಡುತ್ತಾಳೆ. ದುಡ್ಡಿನ ಮಾತು ತಿಂಗಳಿಗೊಮ್ಮೆ, ಪಾಸ್‌ಬುಕ್ ಮುಂದಿಟ್ಟುಕೊಂಡು. ಮಿಕ್ಕ ದಿನ ಊಟ ತಿಂಡಿಯ ಸುದ್ದಿ, ಬೀದಿಯವರ ಸುದ್ದಿ. ಎಫ್‌ಡಿಯ ಲೆಕ್ಕ ಕೇಳಲಷ್ಟೇ ಫೋನ್ ಮಾಡುವ ಮಕ್ಕಳಿಗಿಂತ ದಿನಾ ಬಂದು ಕೂತು ಮಾತಾಡುವ ಹೊರಗಿನವನೇ ಹಿರಿಯರಿಗೆ ಹತ್ತಿರದವನಾಗುತ್ತಾನೆ. ಬ್ಯಾಂಕಿನ ಯಾವ ಷರತ್ತೂ ಇದನ್ನು ತಡೆಯಲಾರದು.