ಮಾತಿನ ಧಾಟಿ

ಬಸವನಗುಡಿಯು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು. 1898ರ ಪ್ಲೇಗಿನ ಹಾವಳಿಯ ತರುವಾಯ ಊರಿನ ಇಕ್ಕಟ್ಟನ್ನು ಬಿಟ್ಟು ಬಂದ ಅನೇಕ ಕುಟುಂಬಗಳು ಇಲ್ಲಿ ನೆಲೆಸಿದವು. ಇಲ್ಲಿನ ಗಾಂಧಿ ಬಜಾರಿನಲ್ಲಿ ಹೂವು ಹಣ್ಣು ಕೊಳ್ಳಲು ಬರುವವರ ಮನೆಮಾತು ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದಿ ಹೀಗೆ ಹಲವು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಂತೂ ನಾನಾ ಕಡೆಯ ಜನ ಸೇರುತ್ತಾರೆ. ಅವರಲ್ಲಿ ಒಬ್ಬರು ಕನ್ನಡದಲ್ಲಿಯೇ ಬೆಲೆಯನ್ನು ಕೇಳುತ್ತಾರೆ. ಪದಗಳು ಸರಿಯಾಗಿವೆ, ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಎರಡು ಮಾತು ಕಿವಿಗೆ ಬೀಳುವಷ್ಟರಲ್ಲಿ ಅವರ ಮನೆಮಾತು ಬೇರೆ ಎಂಬುದು ವ್ಯಾಪಾರಿಗೆ ತಿಳಿದುಹೋಗುತ್ತದೆ. ಹಾಗೆ ತಿಳಿಸಿಕೊಡುವುದು ಮಾತಿನ ಧಾಟಿ. ಈ ಧಾಟಿಯು ಹುಟ್ಟುವುದು ಹೇಗೆ? ಕಿವಿಯು ಅದನ್ನು ಗುರುತಿಸುವುದು ಹೇಗೆ?

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಧ್ವನಿಯ ಹುಟ್ಟನ್ನು ಕಹಳೆಯ ನಾದಕ್ಕೆ ಹೋಲಿಸಿದ್ದಾನೆ. ಒಳಗಿನಿಂದ ಏರಿಬರುವ ಉಸಿರನ್ನು ಗಂಟಲು, ನಾಲಿಗೆ, ಹಲ್ಲು, ತುಟಿಗಳು ತಡೆದು ತಿದ್ದಿದಾಗ ಬೇರೆ ಬೇರೆ ಅಕ್ಷರಗಳು ಮೂಡುತ್ತವೆ. ಈ ಅವಯವಗಳು ಎಲ್ಲ ಮನುಷ್ಯರಿಗೂ ಒಂದೇ ಬಗೆಯವು. ಅವುಗಳಿಗೆ ಬಾಲ್ಯದಲ್ಲಿ ಬಿದ್ದ ರೂಢಿ ಮಾತ್ರ ಬೇರೆ.

‘ತ’ ಎನ್ನುವಾಗ ಕನ್ನಡಿಗನ ನಾಲಿಗೆಯ ತುದಿಯು ಮೇಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟುತ್ತದೆ. ‘ಟ’ ಎನ್ನುವಾಗ ಹಿಂದಕ್ಕೆ ಮಡಿಚಿಕೊಂಡು ಅಂಗಳವನ್ನು ಮುಟ್ಟುತ್ತದೆ. ಇಂಗ್ಲಿಷರ ನಾಲಿಗೆಯು ಈ ಎರಡು ಸ್ಥಾನಗಳ ನಡುವೆ, ಹಲ್ಲಿನ ಹಿಂದಿನ ಒಸಡಿನ ಉಬ್ಬನ್ನು ಮುಟ್ಟಿ ರೂಢಿಯಾದುದು. ಆದಕಾರಣ ಅವರು ಹೇಳುವ ‘ಕತ್ತು’ ನಮ್ಮ ಕಿವಿಗೆ ‘ಕಟ್ಟು’ ಎಂಬಂತೆ ಕೇಳಿಸಬಹುದು. ಪ್ರಮಾಣ ಹಿಂದಿಯಲ್ಲಿ ಳಕಾರವಿಲ್ಲ; ಹಿಂದಿ ಮನೆಮಾತಿನವರ ಬಾಯಲ್ಲಿ ‘ಹಳ್ಳಿ’ಯು ‘ಹಲ್ಲಿ’ಯಾಗುವುದುಂಟು. ಅಲ್ಲಿ ಒಕಾರಕ್ಕೆ ಹ್ರಸ್ವ ದೀರ್ಘಗಳ ಭೇದವೂ ಇಲ್ಲವಾದುದರಿಂದ ‘ಕೊಡು’ ಎಂಬುದು ‘ಕೋಡು’ ಆಗುತ್ತದೆ.

ಹಾಗೆಂದು ಕನ್ನಡಿಗರ ಮಾತಿಗೆ ಧಾಟಿಯಿಲ್ಲವೆಂದು ಭಾವಿಸಬಾರದು. ಕನ್ನಡದಲ್ಲಿ ಪದದ ಆದಿಯ ಎಕಾರಕ್ಕೆ ಯಕಾರದ ಸೋಂಕಿರುತ್ತದೆ. ‘ಎಲ್ಲಿ’ ಎಂದು ಬರೆದರೂ ‘ಯೆಲ್ಲಿ’ ಎಂದು ನುಡಿಯುತ್ತಾರೆ. ಇದೇ ರೂಢಿಯಿಂದ ಇಂಗ್ಲಿಷಿನ ‘ಎಗ್’ ಶಬ್ದವು ‘ಯೆಗ್’ ಆಗುತ್ತದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ‘ಬಸ್’ ಎಂಬುದು ‘ಬಸ್ಸು’ ಆಗಿದೆ. ಅಕ್ಷರಗಳಲ್ಲದೆ ಲಯವೂ ಧಾಟಿಯ ಒಂದು ಅಂಗ. ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಒತ್ತಿ ಹೇಳಿ ಉಳಿದುದನ್ನು ತೇಲಿಸುತ್ತಾರೆ. ಕನ್ನಡಿಗನಾದರೋ ಪ್ರತಿಯೊಂದು ಅಕ್ಷರಕ್ಕೂ ಅದರ ಮಾತ್ರೆಯನ್ನು ಸಲ್ಲಿಸುತ್ತಾನೆ.

ನಾಲಿಗೆಯಂತೆಯೇ ಕಿವಿಗೂ ರೂಢಿಯುಂಟು. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು 1984ರಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಪ್ರಕಟಿಸಿದರು. ಅವರು ಇಂಗ್ಲಿಷ್ ಮನೆಮಾತಿನ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಬಹುಪಾಲು ಆ ಭೇದವನ್ನು ಗ್ರಹಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಹಾಗೆ ಗ್ರಹಿಸಿದವು ತೀರ ಕಡಿಮೆ. ಶಿಶುವು ಲೋಕದ ನಾನಾ ಭಾಷೆಗಳ ಧ್ವನಿಭೇದಗಳನ್ನು ಅರಿಯಬಲ್ಲ ಕಿವಿಯೊಡನೆ ಹುಟ್ಟುತ್ತದೆ. ವರ್ಷ ತುಂಬುವಷ್ಟರಲ್ಲಿ ಆ ಕಿವಿಯು ಮನೆಯ ಮಾತಿಗೆ ಒಗ್ಗಿಕೊಳ್ಳುತ್ತದೆ. ದೊಡ್ಡವರು ಹೊಸ ಭಾಷೆಯನ್ನು ಕಲಿಯುವಾಗ ಪಡುವ ತೊಡಕಿನ ಒಂದು ಮೂಲ ಇಲ್ಲಿದೆ. ಸ್ಪಷ್ಟವಾಗಿ ಕೇಳಿಸದ ಭೇದವನ್ನು ನುಡಿಯುವುದು ಸುಲಭವಲ್ಲ.

ತನ್ನ ಭಾಷೆಯ ವಿಷಯದಲ್ಲಿ ಮಾತ್ರ ಕಿವಿಯು ಬಹಳ ಚುರುಕು. 1984ರಲ್ಲಿಯೇ ಜೇಮ್ಸ್ ಫ್ಲೆಗೆ ಎಂಬ ವಿದ್ವಾಂಸನು ಫ್ರೆಂಚರು ಆಡಿದ ಇಂಗ್ಲಿಷ್ ಮಾತಿನ ತುಣುಕುಗಳನ್ನು ಅಮೆರಿಕದವರಿಗೆ ಕೇಳಿಸಿದನು. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 30 ಭಾಗದಷ್ಟೇ ಇದ್ದ ಧ್ವನಿಯಿಂದಲೂ ಅವರು ಪರಭಾಷಿಕರನ್ನು ಗುರುತಿಸಬಲ್ಲವರಾಗಿದ್ದರು. ಅದು ಕಣ್ಣು ಮಿಟುಕಿಸುವುದಕ್ಕೆ ಬೇಕಾದುದಕ್ಕಿಂತ ಕಡಿಮೆ ಕಾಲ. ಆದರೆ ‘ಇವರ ಮನೆಮಾತು ಬೇರೆ’ ಎಂದು ಅರಿಯುವುದು ಒಂದು; ‘ಅದು ಇಂಥದೇ’ ಎಂದು ಹೇಳುವುದು ಇನ್ನೊಂದು. ತಮಿಳು, ತೆಲುಗುಗಳನ್ನು ಕೇಳಿ ಬಲ್ಲವನು ಅವುಗಳ ಧಾಟಿಯನ್ನು ಬೇರ್ಪಡಿಸಿ ಹೇಳಿಯಾನು. ಕೇಳರಿಯದವನ ಊಹೆ ತಪ್ಪುವುದೇ ಹೆಚ್ಚು.

ಇಷ್ಟು ಚುರುಕಾದ ಕಿವಿಯು ಬಹು ಬೇಗ ನ್ಯಾಯಾಧೀಶನೂ ಆಗಿಬಿಡುತ್ತದೆ. ಜೋರ್ಡನ್ ನದಿಯ ಹಾಯ್ಗಡದಲ್ಲಿ ‘ಶಿಬ್ಬೋಲೆತ್’ ಎನ್ನಲಾರದೆ ‘ಸಿಬ್ಬೋಲೆತ್’ ಎಂದವರನ್ನು ವೈರಿಗಳೆಂದು ಕೊಂದ ಕಥೆಯು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ನಮ್ಮ ಕಾಲದ ತೀರ್ಪುಗಳು ಅಷ್ಟು ಕ್ರೂರವಲ್ಲದಿದ್ದರೂ ಅನ್ಯಾಯದಿಂದ ಮುಕ್ತವಾಗಿಲ್ಲ. 2010ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು, ‘ಜಿರಾಫೆಯು ಒಂಟೆಗಿಂತ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು’ ಎಂಬಂತಹ ವಾಕ್ಯಗಳನ್ನು ಬೇರೆ ಬೇರೆ ಧಾಟಿಯವರಿಂದ ಓದಿಸಿದರು. ಪರಭಾಷೆಯ ಧಾಟಿಯಲ್ಲಿ ಕೇಳಿದ ವಾಕ್ಯಗಳನ್ನು ಜನರು ಕಡಿಮೆ ನಂಬಿದರು. ಓದುವವರು ಬೇರೆಯವರು ಬರೆದುದನ್ನು ಓದುತ್ತಿದ್ದಾರೆ ಎಂಬುದು ಕೇಳುಗರಿಗೆ ಗೊತ್ತಿತ್ತು! ಕಿವಿಗೆ ಆದ ಸಣ್ಣ ಶ್ರಮವನ್ನು ಮನಸ್ಸು ಮಾತಿನ ಸತ್ಯದ ಮೇಲೆ ಹೊರಿಸಿತು.

ಧಾಟಿ ಇದ್ದರೆ ಮಾತು ಅರ್ಥವಾಗುವುದಿಲ್ಲ ಎಂಬುದೂ ಪೂರ್ಣ ಸತ್ಯವಲ್ಲ. ಮನ್ರೋ ಮತ್ತು ಡರ್ವಿಂಗ್ ಎಂಬ ಕೆನಡಾದ ವಿದ್ವಾಂಸರು 1995ರಲ್ಲಿ ಇದನ್ನು ಪರೀಕ್ಷಿಸಿದರು. ‘ಧಾಟಿ ಬಹಳ ದಟ್ಟವಾಗಿದೆ’ ಎಂದ ಕೇಳುಗರೇ ಎಷ್ಟೋ ವೇಳೆ ಆ ಮಾತನ್ನು ಒಂದು ಪದವೂ ತಪ್ಪದಂತೆ ಬರೆದುಕೊಟ್ಟರು. ಕೇಳುತ್ತ ಕೇಳುತ್ತ ಕಿವಿಯು ಹೊಸ ಧಾಟಿಗೆ ಬೇಗ ಹೊಂದಿಕೊಳ್ಳುತ್ತದೆ ಎಂಬುದೂ ತಿಳಿದುಬಂದಿದೆ.

ಬಸವನಗುಡಿಯ ಸಮೀಪದ ಗವಿಪುರದಲ್ಲಿ ಬಾಳಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಧಾರವಾಡದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತ್ತರು. ಮನೆಮಾತು ಯಾವುದೇ ಆಗಿರಲಿ, ಕನ್ನಡವು ಒಲಿದವರಿಗೆ ಒಲಿಯಿತು. ಸ್ಪಷ್ಟವಾಗಿ ನುಡಿಯಲು ಯತ್ನಿಸುವುದು ಆಡುವವನ ಕರ್ತವ್ಯ. ಸಹನೆಯಿಂದ ಕೇಳುವುದು ಕೇಳುವವನ ಕರ್ತವ್ಯ. ತರಗತಿಗೆ ಹೊಸದಾಗಿ ಬಂದ ಸಹಪಾಠಿಯು ‘ಹಳ್ಳಿ’ಯನ್ನು ‘ಹಲ್ಲಿ’ ಎಂದಾಗ ನಗುವುದು ಸುಲಭ. ಆದರೆ ಅವನು ಒಂದು ಭಾಷೆಯನ್ನು ಮನೆಯಿಂದ ತಂದು, ಇನ್ನೊಂದನ್ನು ಶ್ರಮದಿಂದ ಗಳಿಸುತ್ತಿದ್ದಾನೆ. ಅವನ ಧಾಟಿ ಅಜ್ಞಾನದ ಗುರುತಲ್ಲ, ಆ ಶ್ರಮದ ಗುರುತು.

ಅಭ್ಯಾಸ

1. ‘ತ’ ಮತ್ತು ‘ಟ’ ಅಕ್ಷರಗಳನ್ನು ನುಡಿಯುವಾಗ ನಾಲಿಗೆಯು ಎಲ್ಲೆಲ್ಲಿ ಮುಟ್ಟುತ್ತದೆ?
2. ಕನ್ನಡಿಗರ ಇಂಗ್ಲಿಷಿನಲ್ಲಿ ಕನ್ನಡದ ಧಾಟಿ ಕಾಣುವುದು ಹೇಗೆ? ಉದಾಹರಣೆ ಕೊಡಿರಿ.
3. ಶಿಶುಗಳ ಕಿವಿಯನ್ನು ಕುರಿತ ಪ್ರಯೋಗದಿಂದ ಏನು ತಿಳಿದುಬರುತ್ತದೆ?
4. ‘ಕಿವಿಯು ಬಹು ಬೇಗ ನ್ಯಾಯಾಧೀಶನೂ ಆಗಿಬಿಡುತ್ತದೆ’ – ಈ ಮಾತನ್ನು ವಿವರಿಸಿರಿ.