ಎರೆಮಣ್ಣಿನ ನಾಡಿನಲ್ಲಿ ಲ್ಯಾವೆಂಡರ್: ಹಿತ್ತಲಿಗೆಷ್ಟು, ಅಡುಗೆಗೆಷ್ಟು?

ಜಮ್ಮು ಪ್ರಾಂತದ ದೋಡಾ ಜಿಲ್ಲೆಯ ಭದರ್ವಾಹ ಭಾಗದಲ್ಲಿ ರೈತರು ಮೆಕ್ಕೆಜೋಳದ ಬದಲು ಲ್ಯಾವೆಂಡರ್ ಬೆಳೆದು, ಹೂವಿನಿಂದ ಎಣ್ಣೆ ಬಟ್ಟಿ ಇಳಿಸಿ ಮಾರುತ್ತಿರುವ ಸುದ್ದಿ ನಮ್ಮ ಕಡೆಗೂ ತಲುಪಿದೆ. ಸಸಿ ತರಿಸಿ ಎಕರೆಗಟ್ಟಲೆ ಹಚ್ಚಿದರೆ ಹೇಗೆ ಎಂದು ಯೋಚಿಸುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು: ಇದು ನಮ್ಮ ಹೊಲದ ಬೆಳೆಯಲ್ಲ. ಭದರ್ವಾಹ ಸುಮಾರು 1,600 ಮೀಟರ್ ಎತ್ತರದ, ಹಿಮ ಬೀಳುವ ಪ್ರದೇಶ. ಕಲಬುರಗಿಯ ಎತ್ತರ ಸುಮಾರು 450 ಮೀಟರ್. ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುವುದುಂಟು. ಹಿತ್ತಲಿನಲ್ಲಿ ನಾಲ್ಕಾರು ಕುಂಡಗಳಿಗೆ ಮಾತ್ರ ಈ ಗಿಡವನ್ನು ಶಿಫಾರಸು ಮಾಡಬಹುದು.

ಗಿಡ ಸಾಯುವುದೇಕೆ?

ಬಿಸಿಲಿಗೆ ಸತ್ತಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಿಸಿಲಿಗಿಂತ ಹೆಚ್ಚಿನ ಶತ್ರು ನಮ್ಮ ಮಳೆಗಾಲ. ಲ್ಯಾವೆಂಡರಿನ ಮೂಲ ಮೆಡಿಟರೇನಿಯನ್ ತೀರದ ಕಲ್ಲುಭೂಮಿ. ಅಲ್ಲಿ ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣಹವೆ. ನಮ್ಮಲ್ಲಿ ಇದು ತಿರುವುಮುರುವು. ಬೆಚ್ಚಗಿನ ಹವೆಯಲ್ಲಿ ಬೇರಿನ ಸುತ್ತ ತೇವ ನಿಂತರೆ ಶಿಲೀಂಧ್ರ ಹೆಚ್ಚಿ ಬೇರು ಕೊಳೆಯುತ್ತದೆ. ತೊಗರಿ ಹೊಲದಲ್ಲಿ ನೀರು ನಿಂತರೆ ಆಗುವ ನಷ್ಟವನ್ನು ಬಲ್ಲ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಕಲಬುರಗಿ ನಗರದ ಮನೆಗಳ ಎರೆಮಣ್ಣಿನಲ್ಲಿ ಇದನ್ನು ನೇರವಾಗಿ ನೆಡಬಾರದು. ಕಮಲಾಪುರದ ಇಳಿಜಾರಿನ ಕೆಂಪು ಮಣ್ಣು ಇದಕ್ಕಿಂತ ಮೇಲು. ಆದರೆ ಅಲ್ಲಿಯ ಹೆಸರಾಂತ ಕೆಂಪು ಬಾಳೆಯ ಪಕ್ಕದಲ್ಲಿ ಲ್ಯಾವೆಂಡರ್ ನೆಟ್ಟರೆ, ಬಾಳೆಗೆ ಹಾಯಿಸಿದ ನೀರೇ ಇದನ್ನು ಕೊಲ್ಲುತ್ತದೆ.

ಕುಂಡದ ಬೇಸಾಯ

ಹತ್ತು ಹನ್ನೆರಡು ಅಂಗುಲದ ಮಣ್ಣಿನ ಕುಂಡ ಒಳ್ಳೆಯದು. ಎರಡು ಪಾಲು ಗರಸು ಅಥವಾ ದಪ್ಪ ಮರಳು, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಗೊಬ್ಬರ ಹೆಚ್ಚಾದರೆ ಸೊಪ್ಪು ಬೆಳೆದು ಸುವಾಸನೆ ಕಡಿಮೆಯಾಗುತ್ತದೆ. ಸುಣ್ಣದ ಅಂಶ ಈ ಗಿಡಕ್ಕೆ ಒಗ್ಗುವುದರಿಂದ ಶಹಾಬಾದ್ ಕಲ್ಲಿನ ಚೂರುಗಳನ್ನು ಕುಂಡದ ಮಣ್ಣಿನ ಮೇಲೆ ಹರಡಬಹುದು, ಬುಡ ಒಣಗಿರುತ್ತದೆ.

ಬೀಜ ಮೊಳೆಯಲು ಬಹಳ ದಿನ ಬೇಕು. ಹೂವಿಲ್ಲದ ರೆಂಬೆಯಿಂದ ತೆಗೆದ ಮೂರು ನಾಲ್ಕು ಅಂಗುಲದ ತುಂಡುಗಳನ್ನು ಅಕ್ಟೋಬರ್‌ನಲ್ಲಿ ಮರಳಿಗೆ ಊರುವುದು ಮೇಲು. ಮೇಲಿನ ಎರಡು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು ಕೊಡಿ. ಮಾರ್ಚ್‌ನಿಂದ ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು ಇರಲಿ. ಜೂನ್‌ನಲ್ಲಿ ಕುಂಡವನ್ನು ಗಾಳಿಯಾಡುವ ಸೂರಿನಡಿಗೆ ಸರಿಸಿ. ಸವರುವಾಗ ಹಸಿರು ಭಾಗವನ್ನಷ್ಟೇ ಕತ್ತರಿಸಿ. ಬಲಿತ ಕಟ್ಟಿಗೆಯ ಮಟ್ಟಕ್ಕೆ ಕತ್ತರಿಸಿದರೆ ಮತ್ತೆ ಚಿಗುರುವುದು ಕಷ್ಟ. ಚಳಿ ಸಾಲದ ವರ್ಷ ಹೂವು ಬಾರದಿರಬಹುದು. ಆಗ ಎಲೆಯೇ ಲಾಭ.

ಅಡುಗೆಯಲ್ಲಿ

ಅಡುಗೆಗೆ ಲ್ಯಾವೆಂಡುಲ ಅಂಗುಸ್ಟಿಫೋಲಿಯಾ ಎಂಬ ಜಾತಿಯನ್ನೇ ಕೇಳಿ ತನ್ನಿ. ಉಳಿದ ಅನೇಕ ಜಾತಿಗಳಲ್ಲಿ ಕರ್ಪೂರದ ಘಾಟು ಹೆಚ್ಚು. ಪೂರ್ಣ ಅರಳುವ ಮೊದಲೇ ತೆನೆ ಕೊಯ್ದು ನೆರಳಿನಲ್ಲಿ ಒಣಗಿಸಬೇಕು. ಒಂದು ಲೋಟ ಚಹಾಕ್ಕೆ ಅರ್ಧ ಚಮಚ ಒಣ ಮೊಗ್ಗು, ಐದು ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಕಹಿ. ಕಾಲು ಕಿಲೋ ಸಕ್ಕರೆಗೆ ಒಂದು ಚಮಚ ಮೊಗ್ಗು ಬೆರೆಸಿ ವಾರದ ಮೇಲೆ ಸೋಸಿದರೆ, ಆ ಸಕ್ಕರೆ ಪಾಯಸಕ್ಕೂ ಶರಬತ್ತಿಗೂ ಆಗುತ್ತದೆ. ಅಲಂಕಾರಕ್ಕೆಂದು ಮಾರುವ ಒಣ ಹೂವನ್ನು ಆಹಾರಕ್ಕೆ ಬಳಸಬಾರದು. ಸುಗಂಧ ಎಣ್ಣೆಯನ್ನಂತೂ ಬಾಯಿಗೆ ಹಾಕಲೇಬಾರದು.

ಇಷ್ಟು ಆರೈಕೆ ಸಾಧ್ಯವಿಲ್ಲದವರು ಇದೇ ತುಳಸಿ ಕುಟುಂಬದ ದೊಡ್ಡಪತ್ರೆ, ಕಾಮಕಸ್ತೂರಿಗಳನ್ನು ಬೆಳೆಯಲಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಅಡುಗೆಗೆ ಇವೇ ಹೆಚ್ಚು ಒಗ್ಗುತ್ತವೆ. ದೊಡ್ಡಪತ್ರೆಯ ತುಂಡು ಅರೆನೆರಳಿನಲ್ಲಿ ಸುಲಭವಾಗಿ ಬೇರು ಬಿಡುತ್ತದೆ. ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಬಹುದು, ಚಟ್ನಿಗೂ ಅರೆಯಬಹುದು. ಕಾಮಕಸ್ತೂರಿಯನ್ನು ಮಳೆ ಆರಂಭದಲ್ಲಿ ಬಿತ್ತಿ, ಅಡಿಗೊಂದು ಗಿಡ ಉಳಿಸಿ. ಸೊಪ್ಪು ಬೇಕಾದರೆ ತೆನೆ ಚಿವುಟಿ. ಬೀಜ ಬೇಕಾದರೆ ತೆನೆ ಕಂದುಬಣ್ಣಕ್ಕೆ ತಿರುಗುವವರೆಗೆ ಬಿಡಿ. ಬೇಸಿಗೆಯ ಶರಬತ್ತಿಗೆ ಹಾಕುವ ಸಬ್ಜಾ ಇದೇ ಬೀಜ. ಒಂದು ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಪೂರ್ತಿ ಉಬ್ಬಿದ ಮೇಲೆಯೇ ಬಳಸಬೇಕು. ಒಣ ಬೀಜ ಗಂಟಲಿನಲ್ಲೇ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಮಕ್ಕಳ ಕೈಗೆ ಸಿಗದಂತೆ ಡಬ್ಬಿಯಲ್ಲಿ ಮುಚ್ಚಿಡಿ.